ಚಪ್ಪಲಿ ಹಾಡು

ಒಂದು ಕಾಲಕ್ಕೆ ಸವಣೂರಿನಲ್ಲಿ ಪೀರಸಾಬರ ಸ್ಪೀಕರ್ ಸೆಟ್ ಇಲ್ಲದೆ ಮದುವೆಯೇ ಆಗುತ್ತಿರಲಿಲ್ಲ. ಊಟ ಮುಗಿದರೂ ಕುರ್ಚಿ ಬಿಡದ ಬೀಗರನ್ನು ಎಬ್ಬಿಸಲು ಅವರ ಬಳಿ ಒಂದು ರೆಕಾರ್ಡ್ ಇತ್ತು. ಹವಾಯಿ ದ್ವೀಪದ ಗಿಟಾರು. ಎಳೆದೆಳೆದು ನುಡಿಯುವ ಆ ನಾದ ಕೇಳಿದ್ದೇ ತಡ, ಮಂದಿ ಎದ್ದು ಚಪ್ಪಲಿ ಹುಡುಕುತ್ತಿದ್ದರು. ಹವಾಯಿ ಎಂದರೆ ನಮಗೆ ಗೊತ್ತಿದ್ದದ್ದೂ ಚಪ್ಪಲಿಯೊಂದೇ. ಹೀಗಾಗಿ ಅದಕ್ಕೆ ಚಪ್ಪಲಿ ಹಾಡು ಎಂದೇ ಹೆಸರು ಬಿತ್ತು.

ಅವರ ಪಕ್ಕದ ಮನೆಯವನಾದ ನಾನು ಒಮ್ಮೆ ಅದರ ಕವರ್ ಓದಿದೆ. ಹಡಗಿನಿಂದ ಇಳಿಯುವ ಪ್ರವಾಸಿಗರಿಗೆ ಮಾರಲೆಂದೇ ಮಾಡಿದ ರೆಕಾರ್ಡು. ಎಲ್ಲವೂ ಸ್ವಾಗತದ ಹಾಡುಗಳು. ಹೇಳಿದರೆ ಪೀರಸಾಬರು ನಗಲಿಲ್ಲ.

“ಬರ್ರಿ ಅನ್ನೋ ಹಾಡು ಹಚ್ಚಿ ನಲವತ್ತು ವರ್ಷ ಮಂದೀನ್ನ ಹೊರಗ ಕಳಿಸೇನಿ ನೋಡ್ರಿ,” ಎಂದರು.

ಹೆಂಡತಿ ಹಾಜರಾಬಿ ತೀರಿಕೊಂಡ ಮೇಲೆ, ಸಂಜೆ ನಾನು ಇಣುಕುವುದು ಬಿಟ್ಟರೆ, ಆ ಮನೆಗೆ ಬರುತ್ತಿದ್ದವರು ಮದುವೆ ಅಡುಗೆಯ ಉಳವಪ್ಪನವರೊಬ್ಬರೇ. ಕಳೆದ ಬೇಸಿಗೆಯಲ್ಲಿ ಅವರೂ ತಮ್ಮೂರು ಶಿಗ್ಗಾವಿ ಬಿಟ್ಟು ಚಿಕ್ಕೇರೂರಿನ ಮಗಳ ಮನೆಗೆ ಹೊರಟುನಿಂತರು. ಭೇಟಿಯಾಗಿ ಹೋಗಲು ಬಂದರು. ಯಾರಾದರೂ ಜೊತೆಗೆ ಕೂತು ಆ ರೆಕಾರ್ಡನ್ನು ಒಮ್ಮೆಯಾದರೂ ಕೊನೆಯತನಕ ಕೇಳಬೇಕೆಂಬುದು ಪೀರಸಾಬರ ಆಸೆ. ಬಾಯಿಬಿಟ್ಟು ಹೇಳಲು ಸಂಕೋಚ. ಹೊಸ್ತಿಲಾಚೆ ಬಿಟ್ಟಿದ್ದ ಗೆಳೆಯನ ಹವಾಯಿ ಚಪ್ಪಲಿಯನ್ನು ಮೆಲ್ಲಗೆ ಒಳಗೆ ತಂದು ಮಂಚದ ಕೆಳಗೆ ತಳ್ಳಿ, ರೆಕಾರ್ಡ್ ಹಚ್ಚಿದರು.

ಗಿಟಾರು ಎರಡು ಸಲ ನುಡಿದಿತ್ತೋ ಇಲ್ಲವೋ, ಉಳವಪ್ಪನವರು ಎದ್ದೇಬಿಟ್ಟರು. ಹೊಸ್ತಿಲಾಚೆ ಕಾಲಾಡಿಸಿ ನೋಡಿದರು.

“ನಾಯಿ ಒಯ್ದಿರಬೇಕು. ಇರ್ಲಿ ಬಿಡೋ ಪೀರ್ಯಾ, ಬಸ್ ತಪ್ಪತೈತಿ,” ಎಂದು ಬರಿಗಾಲಲ್ಲೇ ಬಿಸಿಲಿಗಿಳಿದರು. ಪೀರಸಾಬರು ರೆಕಾರ್ಡನ್ನು ಅಲ್ಲಿಗೇ ನಿಲ್ಲಿಸಿದರು.

ಮರುದಿನ ಅವರು ಆ ಚಪ್ಪಲಿ ತೊಳೆದು ಬಾಗಿಲ ಹೊರಗೆ ಇಟ್ಟರು, ಗೆಳೆಯ ಬಂದರೆ ಕಣ್ಣಿಗೆ ಬೀಳಲಿ ಎಂದು. ಆದರೆ ಅದು ಬಿದ್ದದ್ದು ನನ್ನ ಕಣ್ಣಿಗೆ. ಬಾಗಿಲಲ್ಲಿ ಚಪ್ಪಲಿ ಕಂಡಾಗಲೆಲ್ಲ, ಯಾರೋ ಬಂದಿದ್ದಾರೆ, ಆಮೇಲೆ ಹೋದರಾಯಿತು ಎಂದು ತಿರುಗಿ ನಡೆದೆ. ಹೀಗೆ ಮಳೆಗಾಲ ಬಂತು. ಒಂದು ದಿನ ಚಪ್ಪಲಿ ತುಂಬ ನೀರು ನಿಂತದ್ದು ನೋಡಿ ಒಳಗೆ ಹೋದೆ.

“ಯಾರು ಬಂದಾರ್ರಿ?”

“ಯಾರೂ ಇಲ್ರಿ,” ಎಂದು ನಡೆದದ್ದನ್ನೆಲ್ಲ ಹೇಳಿದರು. ನನಗೆ ತಲೆ ಎತ್ತಲಾಗದಷ್ಟು ನಾಚಿಕೆಯಾಯಿತು.

“ರೆಕಾರ್ಡ್ ಹಚ್ರಿ, ಪೂರ್ತಿ ಕೇಳೋಣು,” ಎಂದೆ.

ಪೀರಸಾಬರು ರೆಕಾರ್ಡಿನ ಪೆಟ್ಟಿಗೆಯ ಮೇಲೆ ಕೈಯಿಟ್ಟರು.

“ಬ್ಯಾಡ್ರಿ. ಹಚ್ಚಿದ್ರ ನೀವೂ ಎದ್ದು ಹೋಗ್ತೀರಿ.”