ಪಡುಬದಿಯ ಪಕ್ಕಾಸು

ಹೊಯಿಗೆ ಬಜಾರಿನ ಯಾದವ, ಮೀನು ಹಿಡಿಯುವ ಮೊಗವೀರರ ಮನೆಯಲ್ಲಿ ಹುಟ್ಟಿಯೂ ದೋಣಿ ಹತ್ತಿದರೆ ವಾಂತಿ ಮಾಡುವವನು. ಹದಿನಾರನೆಯ ವಯಸ್ಸಿನಲ್ಲಿ ಅಪ್ಪನ ಜೊತೆ ಮೂರು ಸಲ ಕಡಲಿಗೆ ಹೋಗಿ, ಮೂರು ಸಲವೂ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಮೀನುಗಳಿಗೆ ಬಡಿಸಿ ಬಂದ. ಕೇರಿಯವರು ಆಡಿಕೊಂಡು ನಕ್ಕರು. ನಾಲ್ಕನೆಯ ಸಲ ಅಪ್ಪ ಕರೆಯಲಿಲ್ಲ. ಕಡಲು ಬೇಡವೆಂದವನನ್ನು ಕೊನೆಗೆ ಕೈಹಿಡಿದದ್ದು ಹಂಚಿನ ಮನೆಗಳು. ಎಷ್ಟು ಎತ್ತರಕ್ಕೆ ಹತ್ತಿದರೂ ಅವನ ತಲೆ ತಿರುಗುತ್ತಿರಲಿಲ್ಲ. ಮಳೆಗಾಲಕ್ಕೆ ಮೊದಲು ಒಡೆದ ಹಂಚು ಬದಲಿಸುವುದು, ಪಾಚಿ ತಿಕ್ಕುವುದು, ಹಂಚಿನ ಭಾರ ಹೊರುವ ಪಕ್ಕಾಸುಗಳನ್ನು, ಎಂದರೆ ಆ ಓರೆ ಮರಗಳನ್ನು, ನೋಡಿ ಗಟ್ಟಿಮಾಡುವುದು. ಮೂವತ್ತೈದು ವರ್ಷ ಇದೇ ಕೆಲಸ.

ಅವನ ಮೊದಲ ಮನೆ ಯಾವಾಗಲೂ ನಂತೂರಿನ ತಾರಾನಾಥ ಶೆಟ್ಟರದ್ದು. ಏಪ್ರಿಲ್ ನಡುವಿನ ಬಿಸು ಹಬ್ಬ ಮುಗಿದ ಮರುದಿನ ಅಲ್ಲಿಗೆ ಹೋಗಬೇಕು, ಶೆಟ್ಟರ ಹೆಂಡತಿ ವಿನೋದಕ್ಕ ಕೊಟ್ಟ ಬೊಂಡದ ಎಳನೀರು ಕುಡಿಯಬೇಕು, ಆಮೇಲೆ ಏಣಿ. ಅಲ್ಲಿ ಶುರುಮಾಡದೆ ಊರಿನ ಬೇರೆ ಯಾವ ಹಂಚನ್ನೂ ಅವನು ಮುಟ್ಟಿದವನಲ್ಲ.

ಈ ವರ್ಷ ಬಿಸುವಿಗೆ ಎರಡು ದಿನ ಮೊದಲೇ ವಿನೋದಕ್ಕನ ಫೋನು ಬಂತು.

"ಯಾದವಾ, ಈ ಸಲ ನಾವು ಸೋಲಾರ್ ಹಾಕಿಸ್ತೇವೆ. ಕರೆಂಟ್ ಬಿಲ್ ನೋಡಿ ಸಾಕಾಯ್ತು ಮಾರಾಯ. ವಿಜೇತಾ ನಿನ್ನ ತಂಗಿ ಮಗಳಂತಲ್ಲ? ಎಂತ ಚುರುಕು ಆ ಹುಡುಗಿ! ಹಂಚಿನ ಕೆಲಸವನ್ನೂ ಅವರೇ ಮಾಡ್ತಾರಂತೆ. ತೆಗೆದ ಹಂಚು ಕೆಳಗೆ ಇಳಿಸ್ಲಿಕ್ಕೆ ಒಬ್ಬರು ಬೇಕಂತೆ, ನೀನು ಬಾ ಆಯ್ತಾ?"

ಆಯ್ತು ಎಂದ. ಫೋನಿಟ್ಟ ಮೇಲೆ ಅವನ ಹೊಟ್ಟೆಯೊಳಗೆ ಬೆಂಕಿ ಬಿತ್ತು.

ವಿಜೇತಾ ಅವನ ತಂಗಿ ಲಕ್ಷ್ಮೀಯ ಮಗಳು. ಐಟಿಐ ಮುಗಿಸಿ, ಬಂದರಿನ ಹಳೇ ಗೋದಾಮೊಂದರಲ್ಲಿ ಹನ್ನೆರಡು ಮಂದಿ ಸೇರಿ ಕಟ್ಟಿಕೊಂಡ ಸೊಸೈಟಿಗೆ ಸೇರಿದ್ದಳು. ಅವರ ಕೆಲಸ ಮನೆಗೆ ಸೋಲಾರ್ ಕೂರಿಸುವುದು, ಹಂಚಿನ ಅಡಿಗೆ ಶಾಖ ತಡೆಯುವ ಹಾಳೆ ಹಾಸುವುದು, ಮಳೆಯ ಎರಚಲು ನುಗ್ಗುವ ಸಂದುಗಳನ್ನು ಮುಚ್ಚುವುದು. ಎಲ್ಲರಿಗೂ ಹಸಿರು ಅಂಗಿ, ಬೆನ್ನ ಮೇಲೆ ಹೆಸರು, ತಿಂಗಳ ಸಂಬಳ, ಪಿಎಫ್ ಬೇರೆ. ಯಾದವನ ಪೈಕಿಯವರದು ಅಳಿಯಕಟ್ಟು, ತಂಗಿಯ ಮಕ್ಕಳೆಂದರೆ ಮನೆತನದ ಮಕ್ಕಳು. ಅವಳು ಉದ್ಧಾರವಾದರೆ ಮೊದಲು ಸಂತೋಷಪಡಬೇಕಾದವನು ಮಾವನೇ. ಅವನೂ ಪ್ರಯತ್ನಪಟ್ಟ. ಆಗಲಿಲ್ಲ. ಮೂವತ್ತೈದು ವರ್ಷ ಊರಿನ ತಲೆಯ ಮೇಲೆ ನಡೆದವನನ್ನು "ಹಂಚಿನವ" ಎಂದಷ್ಟೇ ಕರೆದ ಜನ, ಮೂರೇ ವರ್ಷ ಕೆಲಸ ಮಾಡಿದ ಈ ಹುಡುಗಿಯನ್ನು ಟೆಕ್ನೀಶಿಯನ್ ಎನ್ನುತ್ತಿದ್ದರು. ಯಾದವ ಆ ಶಬ್ದವನ್ನು ಸ್ನಾನ ಮಾಡುವಾಗ ಒಂದೆರಡು ಸಲ ತನ್ನ ಹೆಸರಿನ ಮುಂದೆ ಇಟ್ಟು ನೋಡಿದ್ದ ಎಂಬುದನ್ನೂ ಹೇಳಿಬಿಡುತ್ತೇನೆ.

ಇನ್ನೊಂದು ಗುಟ್ಟಿತ್ತು. ಅದು ಯಾದವನೊಬ್ಬನಿಗೇ ಗೊತ್ತು. ಎರಡು ವರ್ಷದ ಹಿಂದೆ ಶೆಟ್ಟರ ಅಡುಗೆಮನೆಯ ಮೇಲೆ, ಪಡುಬದಿಯ ಒಂದು ಪಕ್ಕಾಸನ್ನು ಒರಲೆ ಹುಳ ತಿಂದು ಪೊಳ್ಳು ಮಾಡಿತ್ತು. ಬದಲಿಸಬೇಕಾದರೆ ನೂರು ಹಂಚು ತೆಗೆಯಬೇಕು. ಆಕಾಶ ಕಪ್ಪಾಗಿ ನಿಂತಿತ್ತು. ಯಾದವ ಪುಟ್ಟಿ ಮೆತ್ತಿ, ಮೇಲೆ ಕರಿ ಎಣ್ಣೆ ಬಳಿದು, ಮುಂದಿನ ವರ್ಷ ನೋಡುವ ಎಂದು ಇಳಿದ. ಮುಂದಿನ ವರ್ಷ ಅದನ್ನು ನೋಡಿಯೂ ನೋಡದವನಂತೆ ದಾಟಿದ. ಈಗ ಅದು ವಿಜೇತಾಳ ಕಣ್ಣಿಗೆ ಬಿದ್ದರೆ ಅವನ ಹೆಸರು ಹೋಯಿತು. ಬೀಳದಿದ್ದರೆ ಅವಳು ಅದರ ಮೇಲೆ ಕಾಲಿಡುತ್ತಾಳೆ.

ಹೇಳಿಬಿಡಬಹುದಿತ್ತು. ಕೆಲಸದ ದಿನ ಬೆಳಿಗ್ಗೆ ಏಣಿ ಹಿಡಿದುಕೊಂಡಾಗಲೂ ಹೇಳಬಹುದಿತ್ತು. "ಮಾಮ, ಚಾ ಆಯ್ತಾ?" ಎಂದು ಅವಳು ಕೇಳಿದಾಗ ಬಾಯಿಯವರೆಗೆ ಬಂದದ್ದೂ ಹೌದು. ಅಷ್ಟರಲ್ಲಿ ವಿನೋದಕ್ಕ ಬೊಂಡ ತಂದು, ಮೊದಲು ವಿಜೇತಾಳ ಕೈಗೆ ಕೊಟ್ಟರು. ಯಾದವನ ಬಾಯಿ ಮುಚ್ಚಿತು.

ಅವಳು ಬೀಳಲಿ ಎಂದು ಅವನು ಬಯಸಲಿಲ್ಲ, ಅಷ್ಟು ಕೆಟ್ಟವನಲ್ಲ. ಒಂದು ಕಾಲು ಕುಸಿಯಲಿ, ನಾಲ್ಕು ಹಂಚು ಒಡೆಯಲಿ, ವಿನೋದಕ್ಕ ಹೊರಗೆ ಬಂದು "ಇದಕ್ಕೇ ಯಾದವನೇ ಬೇಕು ಅನ್ನೋದು" ಎನ್ನಲಿ. ಇಷ್ಟೇ ಅವನಿಗೆ ಬೇಕಾದದ್ದು. ತಪ್ಪನ್ನು ಒರಲೆಯ ಮೇಲೆ ಹಾಕಿದರಾಯಿತು. ಹೀಗೆ ಲೆಕ್ಕಹಾಕುತ್ತ ಏಣಿಯ ಮೇಲೆ ನಿಂತು ಅವಳು ಕೊಟ್ಟ ಹಂಚುಗಳನ್ನು ಒಂದೊಂದೇ ಇಳಿಸುತ್ತಿದ್ದ. ಅವಳ ಕಾಲು ಎಲ್ಲಿಯೂ ತಪ್ಪುತ್ತಿರಲಿಲ್ಲ. ಅದನ್ನು ನೋಡಿ ಅವನಿಗೆ ಇನ್ನೂ ಉರಿಯಿತು.

ಹನ್ನೊಂದು ಗಂಟೆಗೆ ಅವಳು ಹಂಚು ತೆಗೆಯುತ್ತ ಪಡುಬದಿಗೆ ಬಂದಳು. ಕೆಳಗಿನಿಂದ ವಿನೋದಕ್ಕ ಒಗ್ಗರಣೆ ಹಾಕಿದ ಸದ್ದು ಕೇಳಿತು. ವಿಜೇತಾಳ ಎಡಗಾಲು ಗಾಳಿಯಲ್ಲಿ ಎದ್ದು ಆ ಪಕ್ಕಾಸಿನ ಕಡೆಗೆ ಸರಿಯಿತು.

"ವಿಜೇತಾ! ಅಲ್ಲಿ ಕಾಲಿಡ್ಬೇಡ!"

ಕೂಗಿದ ಮೇಲೆಯೇ ತಾನು ಕೂಗಿದ್ದು ಅವನಿಗೆ ತಿಳಿದದ್ದು. ಕೈಯಲ್ಲಿದ್ದ ಹಂಚು ಕೆಳಗೆ ಬಿದ್ದು ಚೂರಾಯಿತು.

ಅವಳು ಅವಸರವಿಲ್ಲದೆ ಆಚೆಯ ಪಕ್ಕಾಸಿನ ಮೇಲೆ ಕಾಲಿಟ್ಟು ತಿರುಗಿದಳು. "ಗೊತ್ತುಂಟು ಮಾಮ. ನಿನ್ನೆ ಒಳಗಿನಿಂದ ಬಡಿದು ನೋಡುವಾಗ್ಲೇ ಪೊಳ್ಳು ಅಂತ ಗೊತ್ತಾಯ್ತು. ಈ ಬದಿಗೆ ಸೀಮೆಸುಣ್ಣದ ಗುರುತು ಹಾಕಿದ್ದೇನೆ, ನಿಮಗೆ ಅಲ್ಲಿಂದ ಕಾಣುದಿಲ್ಲ. ಮೆರ್ಲಿನ್ ಹೊಸ ಮರ ತರ್ಲಿಕ್ಕೆ ಹೋಗಿದ್ದಾಳೆ." ಮೆರ್ಲಿನ್ ಅವಳ ಜೊತೆ ಕೆಲಸಕ್ಕೆ ಬಂದಿದ್ದ ಇನ್ನೊಬ್ಬ ಹಸಿರು ಅಂಗಿಯವಳು.

ಸದ್ದು ಕೇಳಿ ವಿನೋದಕ್ಕ ಸೌಟು ಹಿಡಿದೇ ಹೊರಗೆ ಬಂದರು. "ಎಂತಾಯ್ತು?"

"ಎಂತ ಇಲ್ಲ ಅಕ್ಕ. ಒಂದು ಪಕ್ಕಾಸಿಗೆ ಒರಲೆ ಹಿಡಿದಿದೆ. ಇವತ್ತೇ ಬದಲಿಸ್ತೇವೆ."

ವಿನೋದಕ್ಕ ಕಣ್ಣು ಕಿರಿದು ಮಾಡಿ ಮೇಲೆ ನೋಡಿದರು. ಹಂಚು ತೆಗೆದಲ್ಲಿ ಬಿದ್ದ ಬಿಸಿಲಿಗೆ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು. "ಅದಕ್ಕೆ ಪುಟ್ಟಿ ಮೆತ್ತಿದ ಹಾಗೆ ಉಂಟಲ್ಲ? ಯಾರು ಮೆತ್ತಿದ್ದು?"

ವಿಜೇತಾ ಮಾವನ ಕಡೆ ನೋಡಲೇ ಇಲ್ಲ. "ಯಾರೋ ಹಿಂದಿನವರು ಇರ್ಬೇಕು ಅಕ್ಕ. ತುಂಬ ಹಳೇದು."

ಯಾದವ ಬಚಾವಾದ. ತೆಪ್ಪಗಿದ್ದರೆ ಮುಗಿದಿತ್ತು. ಆದರೆ ಅವಳ ಅಂಗಿ, ಅವಳ ಸಂಬಳ, ವಿನೋದಕ್ಕನ ಹೊಗಳಿಕೆ, ಆ ಮೊದಲ ಬೊಂಡ, ಎಲ್ಲವನ್ನೂ ಹೇಗೋ ನುಂಗಿಕೊಂಡಿದ್ದವನಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ದೊಡ್ಡ ಮನಸ್ಸೂ ಇವಳದ್ದೇ ಆಗಬೇಕೇ? ಇನ್ನು ಮುಂದೆ ತನ್ನ ಮರ್ಯಾದೆ ಇವಳು ಹಾಕಿದ ಭಿಕ್ಷೆಯಾಗಿ ಉಳಿಯಬೇಕೇ?

"ನಾನೇ ಅಕ್ಕ ಮೆತ್ತಿದ್ದು," ಎಂದ. "ಎರಡು ವರ್ಷ ಆಯ್ತು. ಪೊಳ್ಳು ಅಂತ ಗೊತ್ತಿದ್ದೇ ಮೆತ್ತಿದ್ದು."

ನಿಜ ಹೇಳುವವರಿಗೆ ನಿಜದ ಮೇಲೆ ಪ್ರೀತಿ ಇರುತ್ತದೆಂದು ನಾವು ನಂಬುತ್ತೇವೆ. ಯಾದವನಿಗೆ ಅಂಥದ್ದೇನೂ ಇರಲಿಲ್ಲ. ಇದ್ದದ್ದು ಬರೀ ಹೊಟ್ಟೆಕಿಚ್ಚು.

ವಿನೋದಕ್ಕ ಎತ್ತಿ ಹಿಡಿದಿದ್ದ ಸೌಟನ್ನು ಕೆಳಗಿಳಿಸಿದರು. "ಅದರ ಅಡಿಯಲ್ಲೇ ಅಲ್ವಾ ಯಾದವಾ, ನಾನು ದಿನಾ ನಿಂತು ಅಡುಗೆ ಮಾಡುದು?" ಎಂದರು. ಆಮೇಲೆ, "ನೀನು ಹೋಗು. ಇನ್ನು ಬರ್ಬೇಡ," ಎಂದು ಒಳಗೆ ಹೋದರು. ಅವನು ಏಣಿ ಇಳಿದು, ಒಡೆದ ಹಂಚಿನ ಚೂರುಗಳನ್ನು ಬದಿಗೆ ಸರಿಸಿ, ಬಸ್ಸು ಹಿಡಿದ.

ಸಂಜೆ ಲಕ್ಷ್ಮೀ ಬಂಗುಡೆ ಮೀನಿನ ಸಾರು ತಂದಳು. ಬಟ್ಟಲು ಮುಂದಿಟ್ಟು ಅಲ್ಲೇ ಕೂತಳು.

"ವಿಜೇತಾ ಮನೆಗೆ ಬಂದದ್ದೇ ನಿನ್ನದೇ ಸುದ್ದಿ ಅಣ್ಣ. ಮಾಮನ ಹಾಗೆ ಒಪ್ಪಿಕೊಳ್ಳುವ ಧೈರ್ಯ ಯಾರಿಗುಂಟು ಅಂತ ಆ ಗೋದಾಮಿನಲ್ಲಿ ಎಲ್ಲರಿಗೂ ಹೇಳಿದ್ದಾಳಂತೆ. ನಿನಗೆ ಆ ಮನೆ ಹೋಯ್ತಲ್ಲ ಅಂತ ಅತ್ತಳು ಕೂಡ."

ಯಾದವ ಕೈಯಲ್ಲಿದ್ದ ತುತ್ತನ್ನು ವಾಪಸು ಹಾಕಿದ. "ಸುಮ್ಮನಿರ್ಲಿಕ್ಕೆ ಹೇಳು ಅವಳಿಗೆ," ಎಂದ. "ನನ್ನನ್ನು ಹೊಗಳುದು ಬೇಡ."

ಲಕ್ಷ್ಮೀ ಅದನ್ನು ಅಣ್ಣನ ವಿನಯವೆಂದೇ ತಿಳಿದು, ಹೋಗುವ ದಾರಿಯಲ್ಲಿ ಕೇರಿಯವರಿಗೆಲ್ಲ ಅದನ್ನೂ ಹೇಳಿಕೊಂಡು ಹೋದಳು.