ಬೆಲ್ಟಿನ ಕೊನೆಯ ತೂತು

ಎಡಗಾಲು ಮುಟ್ಟಿದರೆ ಮಾತ್ರ ಕಿರುಚುತ್ತಿದ್ದ. ಹಣೆಯಲ್ಲಿ ರಕ್ತ ಇದ್ದುದರಿಂದ ನಾವು ಹಣೆಯನ್ನೇ ನೋಡುತ್ತಿದ್ದೆವು.

ಮಗ ಗಿರೀಶನಿಗೆ ಆಗ ಹದಿನಾರು ತಿಂಗಳು. ಗಂಡ ಓಡಿಸುವ ಬಾಡಿಗೆ ಕಾರಿನಲ್ಲಿ ಮೂಡುಬಿದಿರೆಯಿಂದ ಬಿ.ಸಿ.ರೋಡಿಗೆ ಹೊರಟಿದ್ದೆವು. ಹಡಗಿನಲ್ಲಿ ಕೆಲಸ ಮಾಡುವ ಮೈದುನ ತಂದುಕೊಟ್ಟ ಮಗುವಿನ ಸೀಟು ನಮ್ಮಿಬ್ಬರ ನಡುವೆ, ಮುಂದಿನ ಉದ್ದ ಸೀಟಿನ ಬೆನ್ನಿಗೆ ಕೊಕ್ಕೆಯಲ್ಲಿ ನೇತುಕೊಂಡಿತ್ತು. ಅದರ ರೆಕ್ಸಿನ್ ಸುಡುತ್ತದೆಂದು ಅತ್ತೆ ಅಡಿಕೆ ಹಾಳೆ ಕತ್ತರಿಸಿ ಹಾಸಿದ್ದರು. ಹುಟ್ಟಿದಂದಿನಿಂದ ಅವನನ್ನು ಎಣ್ಣೆ ಹಚ್ಚಿ ಮೀಯಿಸಿದ್ದು ಹಾಳೆಯಲ್ಲೇ. ಅದರ ಮೇಲಾದರೆ ಸುಮ್ಮನೆ ಕೂರುತ್ತಿದ್ದ. ಬಂಟ್ವಾಳ ಪೇಟೆಯಲ್ಲಿ ಎತ್ತಿನ ಗಾಡಿ ಅಡ್ಡ ಬಂತು. ಬ್ರೇಕ್.

ಸೀಟು ಅಲ್ಲೇ ಇತ್ತು. ಮಗು ಕೆಳಗಿತ್ತು.

ಎಕ್ಸ್‌ರೇಯಲ್ಲಿ ತೊಡೆಯ ಮೂಳೆ ಮುರಿದಿತ್ತು. ಎರಡೂ ಕಾಲುಗಳನ್ನು ಮೇಲಕ್ಕೆ ಕಟ್ಟಿ ಟ್ರಾಕ್ಷನ್ ಹಾಕಿದರು. ಸರಿಯಾಗಿ ನಡೆಯುತ್ತಾನೋ ಇಲ್ಲವೋ ಈಗಲೇ ಹೇಳಲಾಗದು ಎಂದರು ಡಾಕ್ಟರು.

"ಬೆಲ್ಟ್ ಹಾಕಿದ್ದಿರಾ?"

"ಹಾಕಿದ್ದೆ."

"ಹಾಗಾದರೆ ಬೆಲ್ಟಿನ ಗುರುತು ಸೊಂಟದಲ್ಲಿ ಇರಬೇಕಿತ್ತು. ಇದು ಕಂಕುಳಲ್ಲಿ ಉಂಟಲ್ಲ."

ಮೂರು ವಾರ ಆಸ್ಪತ್ರೆಯ ಅದೇ ಮಂಚದ ಸುತ್ತ ಕೂತು ನಾವು ಮೂವರೂ ಒಬ್ಬರ ಮೇಲೊಬ್ಬರು ಕಣ್ಣಿಟ್ಟೆವು. ಗಂಡ ಹಿಂದಿನ ಸೀಟಿನಲ್ಲಿದ್ದ ಅತ್ತೆಯೊಡನೆ ಮಾತಾಡುತ್ತ ತಿರುಗಿದ್ದರೆಂದು ನನಗೆ ಸಂಶಯ. ಹಾಳೆ ಜಾರಿತೆಂದು ಇನ್ನೂ ಹೆಚ್ಚಿನ ಸಂಶಯ.

"ನನ್ನ ಮಗನನ್ನೂ ಹಾಳೆಯಲ್ಲೇ ಮೀಯಿಸಿದ್ದು. ಅವನ ಕಾಲು ಸರಿ ಇಲ್ವಾ ನೋಡು" ಎಂದರು ಅತ್ತೆ.

"ಬಚ್ಚಲಿಗೆ ಬ್ರೇಕ್ ಇಲ್ಲ ಅತ್ತೆ."

ಒಂದು ಮಧ್ಯಾಹ್ನ ಗಂಡ ಆ ಸೀಟನ್ನೇ ತಂದು ವರಾಂಡದಲ್ಲಿಟ್ಟರು. ಬೆಲ್ಟ್ ಬಿಚ್ಚಿರಲಿಲ್ಲ. ಹಾಕಿದಂತೆಯೇ ಇತ್ತು.

ಕೊನೆಯ, ಅತಿ ಸಡಿಲದ ತೂತಿನಲ್ಲಿ.

ಗಂಜಿ ಉಂಡ ಹೊಟ್ಟೆಗೆ ಬಿಗಿಯಾಯಿತೆಂದು ಅವನು ಅತ್ತಾಗ, ಸಿದ್ಧಕಟ್ಟೆಯ ಹತ್ತಿರ ನಾನೇ ಸಡಿಲ ಮಾಡಿದ್ದು ಈಗ ಸ್ಪಷ್ಟವಾಗಿ ಕಾಣುತ್ತದೆ. ಬೆಲ್ಟ್ ನೋಡುವ ಮೊದಲು ಈ ನೆನಪು ಎಲ್ಲಿತ್ತು? ಅಥವಾ ತಪ್ಪಿಗೆ ತಕ್ಕ ಹಾಗೆ ಆಮೇಲೆ ಹೊಲಿದುಕೊಂಡೆನೋ. ಹಾಳೆ ಜಾರಿದ್ದೂ ನಿಜ, ಬೆಲ್ಟ್ ಹಾಕಿದ್ದೂ ನಿಜ.

ಈಗ ಗಿರೀಶ ನಡೆಯುತ್ತಾನೆ. ತುಸು ವಾಲಿ. ಬೆಳೆದಂತೆ ಸರಿಹೋಗಬಹುದು, ನೋಡುವ, ಎಂದಿದ್ದಾರೆ ಡಾಕ್ಟರು. ಅಷ್ಟಕ್ಕೇ ಕೈಮುಗಿದಿದ್ದೇನೆ.

ಮೊನ್ನೆ ಡಾಕ್ಟರಿಗೆ ತೋರಿಸಲು ಹೊರಟಾಗ ಸೀಟಿನಲ್ಲಿ ಹಾಳೆ ಇರಲಿಲ್ಲ. ನಾನು ಬೆಲ್ಟ್ ಬಿಗಿದು ಬೆರಳು ತೂರಿಸಿ ನೋಡಿದೆ. ಗಂಡ ಬಾಗಿ ಕೊಕ್ಕೆ ಅಲ್ಲಾಡಿಸಿದರು, ಬೆಲ್ಟನ್ನೂ ಎಳೆದರು. ಹಿಂದಿನ ಸೀಟಿನಿಂದ ಅತ್ತೆಯ ಕೈ ಬಂತು.

"ನಾನೂ ಒಮ್ಮೆ ನೋಡ್ತೇನೆ."

ಮೊದಲಾಗಿದ್ದರೆ ಸಿಟ್ಟು ಬರುತ್ತಿತ್ತು. ನನ್ನ ಕೈ ತೆಗೆದು ಜಾಗ ಬಿಟ್ಟೆ.

ಬಿಗಿಯಾಯಿತೆಂದು ಗಿರೀಶ ಅತ್ತ. ಬಂಟ್ವಾಳ ದಾಟುವವರೆಗೂ ಅತ್ತ. ಯಾರೂ ಸಡಿಲಿಸಲಿಲ್ಲ.