ಗೇಟಿನ ಬಳಿಯ ಗ್ಲುಆನ್‌ಗಳು

ನನ್ನ ಕೆಲಸ ಏನೆಂದು ಕೇಳಿದವರಿಗೆ ಫಿಸಿಕ್ಸ್ ಲೆಕ್ಚರರ್ ಎಂದಷ್ಟೇ ಹೇಳಿ ಜಾರಿಕೊಳ್ಳುತ್ತೇನೆ. ಪೂರ್ತಿ ಹೇಳಿದರೆ ಎದುರಿನವರಿಗೆ ಆಕಳಿಕೆ ಬರುತ್ತದೆ. ನೀವು ಬೇಕಾದವರು, ಸ್ವಲ್ಪ ತಡೆದುಕೊಳ್ಳಿ. ಪ್ರೋಟಾನ್‌ಗಳು ಡಿಕ್ಕಿ ಹೊಡೆದಾಗ ಏನೇನು ಹುಟ್ಟೀತು ಎಂದು ಮೊದಲೇ ಲೆಕ್ಕ ಹಾಕುವುದು ನನ್ನ ಕಸುಬು. ಇರುವ ಶಕ್ತಿಯೆಲ್ಲ ಭಾರದ ಕಣವೊಂದನ್ನು ಹುಟ್ಟಿಸುವುದಕ್ಕೇ ಖರ್ಚಾಗಿ, ಚೂರುಪಾರು ಮಾತ್ರ ಉಳಿದಾಗ ಪೇಚಾಟ ಶುರು. ಆ ಚೂರಿನಲ್ಲಿ ಗ್ಲುಆನ್ ಎಂಬ ಬಡಪಾಯಿ ಕಣಗಳು ಹೊರಬೀಳುತ್ತವೆ. ಶಕ್ತಿ ತೀರಾ ಕಡಿಮೆ, ಅದಕ್ಕೇ ಮೃದು ಗ್ಲುಆನ್ ಎಂದು ಹೆಸರು. ಇವು ಎಷ್ಟರವು ಎಂದು ಬಿಟ್ಟಿರೋ, ಲೆಕ್ಕ ಕೆಟ್ಟಿತು. ಒಂದೆರಡನ್ನು ಸೇರಿಸಿದರೂ ಸಾಲದು, ಎಲ್ಲವನ್ನೂ ಒಟ್ಟಿಗೆ ಕೂಡಿಸಬೇಕು.

ಇಷ್ಟು ತಿಳಿದ ನಾನೇ ಕಾವೂರಿನಲ್ಲಿ ಎಡವಿದೆ. ಅಲ್ಲಿ ನನ್ನ ಸೋದರಮಾವನ ಹೆಂಡತಿ, ನಮ್ಮ ಮಾಮಿ, ಇದ್ದಾರೆ. ಅವರ ಮನೆಯಲ್ಲಿ ಕುರ್ಚಿಯಿಂದ ಏಳುವುದು ಹೊರಡುವುದಕ್ಕೆ ಪೀಠಿಕೆ ಮಾತ್ರ. ಚಪ್ಪಲಿ ಹಾಕುವಾಗ ಒಬ್ಬರ ಕಾಯಿಲೆ, ಬಸಳೆ ಚಪ್ಪರದ ಕೆಳಗೆ ಇನ್ನೊಬ್ಬರ ಮದುವೆ, ಗೇಟಿನಲ್ಲಿ ಉಪ್ಪಿನಕಾಯಿ ಬಾಟಲಿ. ಸ್ಕೂಟರ್ ಸ್ಟಾರ್ಟ್ ಆದ ಮೇಲೆ "ಹೇಳ್ಲಿಕ್ಕೆ ಮರೆತೆ ಮಾರಾಯ" ಎಂದು ಹೊಸದೊಂದು. ಒಂದೊಂದೂ ಎರಡೇ ನಿಮಿಷದ್ದು.

ಕಳೆದ ತಿಂಗಳು ಮಾಮಿಯಲ್ಲಿಗೆ ಹೋಗಿದ್ದ ದಿನವೇ, ಸಂಜೆ ಆರಕ್ಕೆ ಉರ್ವದ ನಮ್ಮ ಮನೆಯಿಂದ ನನ್ನ ಆನ್‌ಲೈನ್ ಭಾಷಣವಿತ್ತು. ಮಾಮಿ ಅಡುಗೆಮನೆಗೆ ಹೋದದ್ದೇ ತಡ, "ಬರ್ತೇನೆ ಮಾಮಿ" ಎಂದು ಕೂಗಿ, ಹೆಂಡತಿ ಶುಭಾಳನ್ನು ಸ್ಕೂಟರಿಗೆ ಹತ್ತಿಸಿಕೊಂಡು ಓಡಿದೆ. ಸಣ್ಣದನ್ನು ಕಡೆಗಣಿಸಬಾರದು ಎಂದು ಒಂದು ಗಂಟೆ ಬೋಧಿಸಿದೆ. ಮುಗಿಯುತ್ತಲೇ ಶುಭಾ ಬಂದಳು. "ಮಾಮಿ ಫೋನ್ ಮಾಡಿದ್ರು. ಬಾಟಲಿ ಹಿಡ್ಕೊಂಡು ಗೇಟಿಗೆ ಬರುವಾಗ ನಾವು ಇರ್ಲಿಲ್ಲವಂತೆ."

ಮುಂದಿನ ಆದಿತ್ಯವಾರ ಹೋದರೆ ಮಾಮಿಯ ಚಹಾ ಸರಿಯಿತ್ತು, ಮುಖ ಸರಿಯಿರಲಿಲ್ಲ. ನಾವು ಎದ್ದಾಗ ಅವರು ಏಳಲಿಲ್ಲ.

"ಹೋಗು ನೀನು. ನಿನಗೆ ಕೆಲಸ ಉಂಟಲ್ಲ," ಎಂದರು.

ಯಾರೂ ತಡೆಯದೆ ಅರ್ಧ ನಿಮಿಷದಲ್ಲಿ ಗೇಟು ಮುಟ್ಟಿದೆ. ನಾನು ಸದಾ ಬಯಸುತ್ತಿದ್ದದ್ದು ಇದನ್ನೇ, ಆದರೆ ಅಷ್ಟು ಬೇಜಾರಿನ ಅರ್ಧ ನಿಮಿಷವನ್ನು ನಾನು ಕಂಡಿಲ್ಲ. ಮಾಮಿ ಇನ್ನು ಹೀಗೆಯೇ ಕಳಿಸಿಕೊಟ್ಟರೆ ಎಂದು ನಿಜಕ್ಕೂ ಹೆದರಿದೆ. ಚಿಲಕದ ಮೇಲೆ ಕೈಯಿಟ್ಟು ತಿರುಗಿ ಕೂಗಿದೆ.

"ಮಾಮೀ, ಕೇಳ್ಲಿಕ್ಕೆ ಮರೆತೆ. ಈ ಬಸಳೆಗೆ ಎಂತ ಹಾಕ್ತೀರಿ?"

ಒಳಗೆ ಕುರ್ಚಿ ಸರಿದ ಸದ್ದಾಯಿತು.

"ಎಂತ ಇಲ್ಲ, ಅಕ್ಕಿ ತೊಳೆದ ನೀರು," ಎನ್ನುತ್ತ ಮಾಮಿ ಮೆಟ್ಟಿಲಿಳಿದು ಬಂದರು. ಕೈಯಲ್ಲಿ ಬಾಟಲಿಯಿತ್ತು.

ಸ್ಕೂಟರಿನ ಪಕ್ಕ ಕಾಯುತ್ತಿದ್ದ ಶುಭಾ ತಲೆಯಿಂದ ಹೆಲ್ಮೆಟ್ ತೆಗೆದು ಕನ್ನಡಿಗೆ ತೂಗುಹಾಕಿದಳು.